ಕುಂಚದ ತುದಿಗೆ ಅಂಟಿದ ಕಾಡು

ಬಿಳಿ ತಟ್ಟೆಯ ಮೇಲೆ ಉದುರಿದ್ದು ಹೊಂಗೆ ಹೂವಿನ ಧೂಳು ಅಂದುಕೊಂಡೆ. ಆ ಧೂಳು ನಡೆಯತೊಡಗಿತು!

ಒಂದಲ್ಲ, ಎರಡಲ್ಲ. ತಟ್ಟೆಯ ತುಂಬ ಕರಿ, ಕಂದು, ತಿಳಿಹಳದಿ ಗೆರೆಗಳು. ಯಾರೋ ಪೆನ್ಸಿಲ್ ಮೊನೆಯಿಂದ ಗೀಚಿ ಬಿಟ್ಟಂಥವು, ದಿಕ್ಕಾಪಾಲಾಗಿ ಓಡುತ್ತಿದ್ದವು. ಕೆಲವು ಚೇಳಿನ ಹಾಗೆ ಹಿಂಭಾಗ ಎತ್ತಿ ಹೆದರಿಸಿದವು. ಒಂದು ಅಂಚಿಗೆ ಬಂದು ನಿಂತಿತು, ಮೈ ಬಗ್ಗಿಸಿತು, ಹಾರಿಯೇ ಹೋಯಿತು. ಬಿಳಿಗಿರಿರಂಗನ ಬೆಟ್ಟದ ಬುಡ, ಬೆಳಗಿನ ಏಳೂವರೆ, ಯುಗಾದಿ ಕಳೆದು ಮೊದಲ ಮಳೆ ಬಿದ್ದು ನಾಲ್ಕು ದಿನ. ಅತ್ತ ರಸ್ತೆಯಲ್ಲಿ ಜೀಪಿನಲ್ಲಿ ಹೋಗುತ್ತಿದ್ದವರೆಲ್ಲ ಹುಲಿಗಾಗಿ ಕತ್ತು ಚಾಚಿಕೊಂಡಿದ್ದರು. ಇತ್ತ ನಾನು ಮಂಡಿಯೂರಿ, ಊಟದ ತಟ್ಟೆಯಷ್ಟೇ ಅಗಲದ ಪ್ಲಾಸ್ಟಿಕ್ ಟ್ರೇಯೊಳಗೆ, ಒಂದೇ ಕೊಂಬೆಯಿಂದ ಉದುರಿದ ಒಂದಿಡೀ ಊರನ್ನು ನೋಡುತ್ತಿದ್ದೆ. ಉಸಿರು ಬಿಡಲೂ ಭಯ. ಉಸಿರಿಗೇ ಚೆಲ್ಲಾಪಿಲ್ಲಿಯಾಗುವಷ್ಟು ಹಗುರ ಅವು.

"ಥ್ರಿಪ್ಸ್" ಅಂದಳು ಗೆಳತಿ, ಕುಂಚದ ತುದಿಯನ್ನು ಆಲ್ಕೋಹಾಲಿಗೆ ಅದ್ದಿ ಒಂದೊಂದನ್ನೇ ಮುಟ್ಟಿ ಎತ್ತುತ್ತ. "ಒಂದಿದ್ದರೂ ಥ್ರಿಪ್ಸ್, ಸಾವಿರ ಇದ್ದರೂ ಥ್ರಿಪ್ಸ್. ಇಂಗ್ಲಿಷಿನಲ್ಲಿ ಅದಕ್ಕೆ ಏಕವಚನವೇ ಬೇರೆ ಇಲ್ಲ."

ಅವಳು ಕೀಟಶಾಸ್ತ್ರದವಳು. ಅರಣ್ಯ ಇಲಾಖೆಯ ಅನುಮತಿ ಪತ್ರ ಚೀಲದಲ್ಲಿ, ಜೊತೆಗೊಬ್ಬ ಕಾವಲುಗಾರ, ದಾರಿ ತೋರಿಸಲು ಈ ಬೆಟ್ಟದ ಬುಡಕಟ್ಟಾದ ಸೋಲಿಗರ ಹಿರಿಯರೊಬ್ಬರು. ನಾವು ಅವರನ್ನು ತಾತ ಅನ್ನುತ್ತಿದ್ದೆವು. ಸಂರಕ್ಷಿತ ಅರಣ್ಯದಿಂದ ಒಂದು ಹುಳು ಎತ್ತುವುದಕ್ಕೂ ಲಿಖಿತ ಒಪ್ಪಿಗೆ ಬೇಕು, ಅದು ಅಕ್ಷರದ ಚುಕ್ಕೆಯಷ್ಟಿದ್ದರೂ. ಹಾಗಿರುವುದೇ ಸರಿ ಎಂದು ನನಗೆ ಅನಿಸಿತು. ಚುಕ್ಕೆಗೂ ಇಲ್ಲಿ ಹಕ್ಕಿದೆ.

ನೀವು ಥ್ರಿಪ್ಸ್ ನೋಡಿಲ್ಲ ಅಂದುಕೊಂಡಿದ್ದರೆ, ನೋಡಿದ್ದೀರಿ. ಮಲ್ಲಿಗೆ ಮೊಗ್ಗು ಕಟ್ಟುವಾಗ ಬೆರಳ ಮೇಲೆ ಸಣ್ಣಗೆ ಹರಿದು ಹೋಗುವ ಗೆರೆ ಇದೆಯಲ್ಲ, ಅದೇ. ದಾಸವಾಳವನ್ನು ದೇವರ ಮುಂದೆ ಇಟ್ಟ ಮೇಲೆ ದಳದ ಬುಡದಿಂದ ಹೊರಬಿದ್ದು ಓಡಾಡುತ್ತದಲ್ಲ, ಅದೇ. ಮೆಣಸಿನ ಗಿಡದ ಎಲೆ ದೋಣಿಯಂತೆ ಮೇಲಕ್ಕೆ ಮುದುಡಿದಾಗ ರೈತರು ಮುಟುರು ರೋಗ ಅನ್ನುತ್ತಾರಲ್ಲ, ಅದರ ಹಿಂದೆಯೂ ಹಲವು ಸಲ ಇವೇ. ಕೃಷಿ ಇಲಾಖೆಯ ಕರಪತ್ರಗಳು ‘ಥ್ರಿಪ್ಸ್ ನುಸಿ’ ಎಂದು ಬರೆಯುತ್ತವೆ. ನುಸಿ ಎಂಬ ಒಂದೇ ಮಾತಿನೊಳಗೆ ನಾವು ಎರಡು ಬೇರೆ ಕುಲಗಳನ್ನು ತುಂಬಿಬಿಟ್ಟಿದ್ದೇವೆ. ಕೆಂಪು ನುಸಿಗೆ ಎಂಟು ಕಾಲು, ಅದು ಜೇಡನ ಬಳಗ. ಥ್ರಿಪ್ಸ್‌ಗೆ ಆರೇ ಕಾಲು, ಇದು ಅಪ್ಪಟ ಕೀಟ, ಅದಕ್ಕೆ ತನ್ನದೇ ಒಂದು ಗಣ. ಹೆಚ್ಚಿನವು ಒಂದರಿಂದ ಮೂರು ಮಿಲಿಮೀಟರ್. ರಾಗಿ ಕಾಳಿನ ಪಕ್ಕ ಮಲಗಿಸಿದರೆ ಉದ್ದ ಸರಿಹೋದೀತು, ದಪ್ಪ ಮಾತ್ರ ದಾರದ ಎಳೆಯಷ್ಟು.

ಗೆಳತಿ ಕೊಟ್ಟ ಕೈಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಬಗ್ಗಿದೆ. ರೆಕ್ಕೆ! ಆದರೆ ನೊಣದ ಗಾಜಿನಂಥ ರೆಕ್ಕೆಯಲ್ಲ, ಚಿಟ್ಟೆಯ ಪಕಳೆಯಂಥದ್ದೂ ಅಲ್ಲ. ಒಂದು ಸಪೂರ ಕಡ್ಡಿ, ಅದರ ಎರಡೂ ಅಂಚಿಗೆ ಉದ್ದುದ್ದ ಕೂದಲಿನ ಸಾಲು. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟಿದ ಹಾಗೆ! 1836ರಲ್ಲಿ ಹ್ಯಾಲಿಡೇ ಎಂಬ ಐರಿಷ್ ಕೀಟಜ್ಞ ಈ ಗಣಕ್ಕೆ ಇಟ್ಟ ಹೆಸರು ಥೈಸನಾಪ್ಟೆರ. ಗ್ರೀಕಿನಲ್ಲಿ ಅದರ ಅರ್ಥ ಕುಚ್ಚಿನ ರೆಕ್ಕೆ ಎಂದೇ. ಕುಚ್ಚಿನಲ್ಲಿ ಹಾರುವುದು ಹೇಗೆ? ಬಾಚಣಿಗೆ ಬೀಸಿದರೆ ಗಾಳಿ ಬರುತ್ತದೆಯೇ? ಇವುಗಳ ಅಳತೆಯಲ್ಲಿ ಗಾಳಿಯೇ ಬೇರೆ ಪದಾರ್ಥ. ನಮಗೆ ಜೋನಿಬೆಲ್ಲದೊಳಗೆ ಕೈಯಾಡಿಸಿದಂತೆ ಅವಕ್ಕೆ ಗಾಳಿ. ಅಷ್ಟು ಮಂದವಾದ ಗಾಳಿ ಕೂದಲುಗಳ ಸಂದಿನಿಂದ ಸುಲಭಕ್ಕೆ ಸೋರುವುದಿಲ್ಲ, ಕುಚ್ಚೇ ಹಾಳೆಯಾಗುತ್ತದೆ. ಬೆನ್ನ ಮೇಲೆ ಎರಡೂ ಕಡೆಯ ರೆಕ್ಕೆಗಳನ್ನು ಚಪ್ಪಾಳೆಯಂತೆ ಸೇರಿಸಿ ರಪ್ಪನೆ ಬಿಡಿಸುತ್ತವೆ, ಆ ಸೆಳೆತದಲ್ಲಿ ಮೇಲೇಳುತ್ತವೆ. ಅಂಟಿಕೊಂಡ ರೆಕ್ಕೆಗಳನ್ನು ಬಿಡಿಸುವ ಆ ಗಳಿಗೆ ಇದೆಯಲ್ಲ, ಅಲ್ಲಿ ಕುಚ್ಚು ಗಾಳಿಯನ್ನು ಒಂದಿಷ್ಟು ಸೋರಲು ಬಿಟ್ಟು ಶ್ರಮ ಇಳಿಸುತ್ತದೆ. ಹಾಳೆಯೂ ಹೌದು, ಜರಡಿಯೂ ಹೌದು!

ಬಾಯಿಯ ಕತೆ ಕೇಳಿ. ಕೀಟಲೋಕದಲ್ಲಿ ದವಡೆ ಎಂದರೆ ಜೋಡಿ, ಎಡಕ್ಕೊಂದು ಬಲಕ್ಕೊಂದು. ಥ್ರಿಪ್ಸ್‌ಗೆ ಎಡದ್ದು ಮಾತ್ರ. ಬಲದವಡೆ ಮೊಟ್ಟೆಯೊಳಗಿನ ಭ್ರೂಣದಲ್ಲೇ ಕರಗಿಹೋಗುತ್ತದೆ. ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳು, ಒಂದಕ್ಕಾದರೂ ಬಲದವಡೆ ಇಲ್ಲ! ಇರುವ ಒಂದೇ ದವಡೆಯನ್ನು ದಬ್ಬಳದ ಹಾಗೆ ಚುಚ್ಚಿ, ಆ ತೂತಿಗೆ ಸೂಜಿಯಂಥ ಕೊಳವೆ ಇಳಿಸಿ, ಒಂದೊಂದು ಜೀವಕೋಶದ ರಸವನ್ನೂ ಹೀರುತ್ತವೆ. ಬರಿದಾದ ಕೋಶಗಳಿಗೆ ಗಾಳಿ ತುಂಬಿ ಎಲೆ ಬೆಳ್ಳಿಯಂತೆ ಹೊಳೆಯುತ್ತದೆ. ಕಾಡಿನ ದಾರಿಯಲ್ಲಿ ಬೆಳ್ಳಿ ಬಳಿದಂಥ ಎಲೆ ಕಂಡರೆ ನಿಲ್ಲಿ, ಮಗುಚಿ ನೋಡಿ.

ಕಾಲಿನ ತುದಿಯಲ್ಲಿ ಉಗುರಿನ ಬದಲು ಒಂದು ಗುಳ್ಳೆ. ಹೆಜ್ಜೆಯಿಟ್ಟಾಗ ಉಬ್ಬುತ್ತದೆ, ಎತ್ತಿದಾಗ ಒಳಗೆಳೆದುಕೊಳ್ಳುತ್ತದೆ. ನುಣುಪಾದ ದಳದ ಮೇಲೆ ತಲೆಕೆಳಗಾಗಿ ಓಡುವ ಗುಟ್ಟು ಇದು. ಇನ್ನು ಸಂಸಾರ! ಹೆಚ್ಚಿನ ಥ್ರಿಪ್ಸ್‌ಗಳಲ್ಲಿ ಗಂಡಿನ ಕೂಟವಿಲ್ಲದೆ ಇಟ್ಟ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ, ಕೂಡಿ ಇಟ್ಟದ್ದರಿಂದ ಹೆಣ್ಣು. ಅಂದರೆ ಗಂಡಿಗೆ ಅಪ್ಪ ಇರುವುದಿಲ್ಲ, ತಾತ ಇರುತ್ತಾನೆ.

ನಾನು ಇಷ್ಟು ಹೊತ್ತಿಗೆ ಹೊಂಗೆಯ ಕೆಳಗೇ ದಿನ ಕಳೆಯಲು ಸಿದ್ಧಳಾಗಿದ್ದೆ. ಗೆಳತಿ ಮಾತ್ರ ತಟ್ಟೆಯನ್ನು ಮತ್ತೆ ಮತ್ತೆ ಬೆಳಕಿಗೆ ಓರೆ ಮಾಡಿ, ಏನೋ ಸಿಗದೆ ಮುಖ ಸಣ್ಣ ಮಾಡಿದಳು.

"ಮರಿ ಇಲ್ಲ."

ಈ ಎರಡು ಮಾತಿನಲ್ಲಿ ಇಡೀ ಸಮೀಕ್ಷೆಯ ಪ್ರಾಣ ಇದೆ ಎಂದು ನನಗೆ ಗೊತ್ತಾಗಲು ಮಧ್ಯಾಹ್ನವಾಯಿತು. ರೆಕ್ಕೆ ಬಂದ ಥ್ರಿಪ್ಸ್ ಎಲ್ಲಿ ಬೇಕಾದರೂ ಸಿಗುತ್ತದೆ. ಗಾಳಿ ತಂದು ಹಾಕಿರಬಹುದು, ಪರಾಗ ಮೆಲ್ಲಲು ಬಂದಿರಬಹುದು, ಬಿಸಿಲಿಗೆ ನೆರಳು ಬೇಡಿ ಕೂತಿರಬಹುದು. ಹೊಂಗೆ ಹೂವಿನಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಅದು ಹೊಂಗೆಯದಲ್ಲ. ಹಳೆಯ ಪಟ್ಟಿಗಳಲ್ಲಿ ಒಂದೊಂದು ಜಾತಿಯ ಮುಂದೆ ಹತ್ತಾರು ಗಿಡಗಳ ಹೆಸರು ಇರುತ್ತದೆ, ಅದರಲ್ಲಿ ಎಷ್ಟೋ ಇಂಥ ದಾರಿಹೋಕರ ಲೆಕ್ಕ. ಬ್ರಿಟನ್ನಿನಲ್ಲೂ ಆಮೇಲೆ ಆಸ್ಟ್ರೇಲಿಯದಲ್ಲೂ ಜೀವಮಾನವಿಡೀ ಥ್ರಿಪ್ಸ್ ಅಭ್ಯಾಸ ಮಾಡಿದ ಲಾರೆನ್ಸ್ ಮೌಂಡ್ ಈ ಮಾತನ್ನು ಮತ್ತೆ ಮತ್ತೆ ಒತ್ತಿ ಬರೆದಿದ್ದಾರೆ: ಸಂತಾನ ಬೆಳೆಯುವ ಗಿಡವೇ ಆಸರೆ ಗಿಡ, ಉಳಿದವು ತಂಗುದಾಣ. ರೆಕ್ಕೆಯಿಲ್ಲದ, ಕೆನೆಬಣ್ಣದ ಮರಿಹುಳು ಹಾರಿ ಬರಲಾರದು. ಅದು ಸಿಕ್ಕ ಗಿಡದಲ್ಲೇ ಅದರ ತಾಯಿ ಮೊಟ್ಟೆ ಇಟ್ಟಿರಬೇಕು. ಆದ್ದರಿಂದ ಕಾಡಿನ ಥ್ರಿಪ್ಸ್ ಸಮೀಕ್ಷೆ ಎಂದರೆ ಹುಳು ಎಣಿಸುವುದಲ್ಲ, ಯಾರ ಮನೆ ಯಾವುದು ಎಂದು ಬಾಗಿಲು ಬಾಗಿಲಿಗೂ ಹೋಗಿ ಕೇಳುವುದು.

ನಾನು ಇದನ್ನು ತಾತನಿಗೆ ನನಗೆ ತಿಳಿದಂತೆ ವಿವರಿಸಿದೆ. ಅವರು ಹೊಂಗೆಯನ್ನೇ ನೋಡುತ್ತ, "ಹಕ್ಕಿ ಹಣ್ಣಿಗೆ ಅಂತ ಹತ್ತು ಮರಕ್ಕೆ ಹೋದದು. ಗೂಡು ಮಡಗೋದು ಒಂದ್ರಲ್ಲೇ ಕನವ್ವ" ಅಂದರು. ಗೆಳತಿ ನೋಟ್‌ಬುಕ್ಕಿನಿಂದ ತಲೆಯೆತ್ತಿ ಅವರನ್ನು ನೋಡಿದಳು. ತರಗತಿಯಲ್ಲಿ ಅವಳು ಇದನ್ನೇ ಮುಕ್ಕಾಲು ಗಂಟೆ ಪಾಠ ಮಾಡುತ್ತಾಳಂತೆ.

ಬಿಳಿಗಿರಿರಂಗನ ಬೆಟ್ಟ ಇಂಥ ಹುಡುಕಾಟಕ್ಕೆ ಹೇಳಿ ಮಾಡಿಸಿದ ಜಾಗ. ಸುಮಾರು 540 ಚದರ ಕಿಲೋಮೀಟರ್ ವನ್ಯಧಾಮ, 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಪಶ್ಚಿಮ ಘಟ್ಟ ಪೂರ್ವ ಘಟ್ಟದ ಕಡೆಗೆ ಕೈ ಚಾಚಿದ ಜಾಗ. ಬುಡದಲ್ಲಿ ಆರುನೂರು ಮೀಟರಿನ ಎತ್ತರಕ್ಕೆ ಮುಳ್ಳುಕುರುಚಲು, ಮೇಲೆ ಹೋದಂತೆ ಎಲೆ ಉದುರಿಸುವ ದಿಂಡುಗ, ಮತ್ತಿ, ಹೊನ್ನೆ, ಅದಕ್ಕೂ ಮೇಲೆ ನಿತ್ಯಹಸಿರು, ಸಾವಿರದ ಎಂಟುನೂರು ಮೀಟರ್ ಹತ್ತಿರದ ನೆತ್ತಿಯಲ್ಲಿ ಶೋಲಾ ಕಾಡು ಮತ್ತು ಹುಲ್ಲುಗಾವಲು. ಒಂದೇ ದಿನದ ನಡಿಗೆಯಲ್ಲಿ ನಾಲ್ಕು ಕಾಡು! ಗಿಡ ಬದಲಾದಂತೆ ಥ್ರಿಪ್ಸ್ ಬದಲಾಗುತ್ತದೆ.

ಕೆಲಸದ ಕ್ರಮ ಸರಳ, ಆದರೆ ಎಷ್ಟು ಕಟ್ಟುನಿಟ್ಟು! ಕೊಂಬೆಯ ಕೆಳಗೆ ತಟ್ಟೆ, ಕೋಲಿನಿಂದ ಮೂರು ಏಟು, ಅಷ್ಟೇ. ಒಂದು ಗಿಡಕ್ಕೆ ಒಂದು ಸೀಸೆ, ಒಂದು ಸೀಸೆಗೆ ಒಂದು ಚೀಟಿ. ಗಿಡದ ಹೆಸರು, ಹೂವೋ ಎಲೆಯೋ ಒಣಕಡ್ಡಿಯೋ, ಎತ್ತರ, ದಿನಾಂಕ, ಮರಿ ಇತ್ತೋ ಇಲ್ಲವೋ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆದು ಸೀಸೆಯೊಳಗೇ ಹಾಕಬೇಕು, ಶಾಯಿಯಾದರೆ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಗಿಡ ಗೊತ್ತಾಗದಿದ್ದರೆ ಒಂದು ರೆಂಬೆ ಹಳೆ ಪತ್ರಿಕೆಯ ನಡುವೆ. ಇಲ್ಲಿ ತಾತನ ಸಹಾಯ ಎಷ್ಟೆಂದು ಹೇಳತೀರದು. ಹೂವಿಲ್ಲದ, ಎಲೆ ಅರ್ಧ ಉದುರಿದ ಪೊದೆಯನ್ನೂ ಅವರು ತೊಗಟೆ ಕೆರೆದು ಮೂಸಿ ಗುರುತು ಹೇಳುತ್ತಿದ್ದರು. ಗಿಡದ ಹೆಸರು ತಪ್ಪಿದರೆ ಹುಳುವಿನ ಹೆಸರು ಸರಿಯಿದ್ದೂ ಪ್ರಯೋಜನವಿಲ್ಲ.

ಕುರುಚಲು ಕಾಡಿನಲ್ಲಿ ಬಿಳಿಜಾಲಿ ಮರದ ಕೊಂಬೆಗಳಲ್ಲಿ ಮುಳ್ಳಿನ ಸಂದಿಗೆ ಸಣ್ಣ ಗಂಟುಗಳು ಕಂಡವು. ಚಿಗುರು ಚಿಗುರಾಗಿ ಬೆಳೆಯದೆ ಮುದ್ದೆಗಟ್ಟಿದ ಹಾಗೆ. ದಕ್ಷಿಣ ಭಾರತದ ಬಿಳಿಜಾಲಿಯ ಇಂಥ ಗಂಟುಗಳಿಂದಲೇ ಥಿಲಕೋಥ್ರಿಪ್ಸ್ ಬಾಬುಲಿ ಎಂಬ ಜಾತಿ ವಿಜ್ಞಾನಕ್ಕೆ ಪರಿಚಯವಾದದ್ದು. ಹೆಸರಿಟ್ಟವರು ಟಿ.ವಿ. ರಾಮಕೃಷ್ಣ ಅಯ್ಯರ್. ಕಳೆದ ಶತಮಾನದ ಇಪ್ಪತ್ತರ ಮೂವತ್ತರ ದಶಕಗಳಲ್ಲಿ ಮದರಾಸು ಸೀಮೆಯ ಹೊಲ ಕಾಡುಗಳಲ್ಲಿ ಈ ಗೆರೆಗಳನ್ನು ಬೆನ್ನಟ್ಟಿದ ಮನುಷ್ಯ ಅವರು. ಆ ಕಾಲದಲ್ಲಿ, ಆಗಿನ ಉಪಕರಣಗಳಲ್ಲಿ! ಅವರೂ ಮಾರ್ಗಬಂಧು ಎಂಬ ಸಹೋದ್ಯೋಗಿಯೂ ಒಂದು ಬೇಟೆಗಾರ ಥ್ರಿಪ್ಸ್‌ಗೆ ಗರುಡ ಎಂದೇ ಹೆಸರು ಕೊಟ್ಟರು, ಮೈಮರೋಥ್ರಿಪ್ಸ್ ಗರುಡ. ಕಣ್ಣಿಗೆ ಕಾಣದಷ್ಟು ಚಿಕ್ಕದರ ರೆಕ್ಕೆ ನೋಡಿ ವಿಷ್ಣುವಿನ ವಾಹನವನ್ನು ನೆನೆದ ಆ ಕಣ್ಣಿಗೆ ನಾನು ಅಲ್ಲೇ ಮನಸ್ಸಿನಲ್ಲಿ ಕೈಮುಗಿದೆ.

ಗೆಳತಿ ಒಂದು ಗಂಟನ್ನು ಬ್ಲೇಡಿನಿಂದ ಎರಡಾಗಿ ಸೀಳಿದಳು. ಒಳಗೆ!

ಹೇಗೆ ಹೇಳಲಿ. ಒಂದು ಹೆಸರುಕಾಳಿನಷ್ಟು ಜಾಗದಲ್ಲಿ ಮುತ್ತಿನಂಥ ಮೊಟ್ಟೆಗಳ ರಾಶಿ, ಅವುಗಳ ನಡುವೆ ತೆವಳುವ ಕೆನೆಬಣ್ಣದ ಮರಿಗಳು, ಗೋಡೆಗೆ ಒತ್ತಿಕೊಂಡ ಕರಿಯ ತಾಯಂದಿರು. ಬಾಳಿನ ಮೂರು ಹಂತ ಒಂದೇ ಕೋಣೆಯಲ್ಲಿ. ಹುಳು ಹೀರಿದ ಜಾಗದಲ್ಲಿ ಗಿಡವೇ ತನ್ನ ಕೋಶಗಳನ್ನು ಉಬ್ಬಿಸಿ, ಮಡಚಿ, ಈ ಮನೆ ಕಟ್ಟಿಕೊಟ್ಟಿದೆ. ಗೋಡೆಯೂ ಅದೇ, ಊಟವೂ ಅದೇ. "ಮರಿ!" ಎಂದು ನಾನು ಕೂಗಿದ್ದು ಕಾವಲುಗಾರರಿಗೆ ಆನೆಮರಿ ಎಂದು ಕೇಳಿಸಿ ಅವರು ಓಡಿ ಬಂದರು. ಅವರಿಗೂ ಕೈಲೆನ್ಸು ಕೊಟ್ಟೆವು. ಬಹಳ ಹೊತ್ತು ಹಿಂದಿರುಗಿಸಲಿಲ್ಲ.

ಇಂಥ ಎಲೆಗಂಟಿನ ಸಂಸಾರ ನೋಡಲು ಕಾಡಿಗೇ ಬರಬೇಕೆಂದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮುಂದೆ ಕುಂಡದಲ್ಲಿ ಬೆಳೆಸುವ ಫೈಕಸ್ ಬೆಂಜಮಿನಾ ಗಿಡದ ಎಲೆ ನಡುನರದ ಉದ್ದಕ್ಕೆ ಪುಸ್ತಕದಂತೆ ಮಡಚಿಕೊಂಡಿದ್ದರೆ ಬಿಡಿಸಿ ನೋಡಿ, ಗೈನೈಕೋಥ್ರಿಪ್ಸ್ ಕುಟುಂಬ ಸಮೇತ ಇರುತ್ತದೆ. ಕೊಡಗಿನ, ವಯನಾಡಿನ ಕಾಳುಮೆಣಸಿನ ಬಳ್ಳಿಯಲ್ಲಿ ಎಲೆಯ ಅಂಚು ಕೊಳವೆಯಂತೆ ಸುರುಳಿ ಸುತ್ತಿದ್ದರೆ ಅಲ್ಲಿ ಲಿಯೋಥ್ರಿಪ್ಸ್ ಕಾರ್ನಿ. ಆ ಸುರುಳಿಯೊಳಗೆ ಇನ್ನೊಂದು ನಾಟಕವೂ ಉಂಟು. ಆಂಡ್ರೋಥ್ರಿಪ್ಸ್ ಎಂಬ ಬೇರೆ ಥ್ರಿಪ್ಸ್ ಒಳನುಗ್ಗಿ, ಮನೆ ಕಟ್ಟಿಸಿದವರ ಮೊಟ್ಟೆ ಮರಿಗಳನ್ನೇ ತಿಂದು ಅಲ್ಲೇ ತನ್ನ ಸಂತಾನ ಬೆಳೆಸುತ್ತದೆ. ಆಗ ಆಸರೆ ಗಿಡ ಎಂದರೆ ಏನು? ಅದರ ಮರಿ ಮೆಣಸಿನ ಎಲೆಯಲ್ಲೇ ಸಿಗುತ್ತದೆ, ಮೆಣಸನ್ನು ಮಾತ್ರ ಮುಟ್ಟುವುದಿಲ್ಲ! ಆಸ್ಟ್ರೇಲಿಯದ ಜಾಲಿ ಜಾತಿಯ ಮರಗಳ ಗಂಟುಗಳಲ್ಲಿ ಇಂಥ ನುಗ್ಗುಕೋರರ ವಿರುದ್ಧ ಹೋರಾಡಲೆಂದೇ ದಪ್ಪ ಮುಂಗಾಲಿನ ಸೈನಿಕರನ್ನು ಹೆರುವ ಥ್ರಿಪ್ಸ್ ಇವೆ ಎಂದು 1992ರಲ್ಲಿ ಬರ್ನಾರ್ಡ್ ಕ್ರೆಸ್ಪಿ ತೋರಿಸಿದಾಗ, ಇರುವೆ ಜೇನು ಗೆದ್ದಲುಗಳ ಸಾಲಿಗೆ ಈ ಚುಕ್ಕೆಯೂ ಬಂದು ನಿಂತಿತು.

ಮತ್ತಿ ಮರಗಳ ಕಾಡಿಗೆ ಬಂದೆವು. ಇಲ್ಲಿ ಹೂವಿನ ಮೇಲಿನ ಕಣ್ಣನ್ನು ತೆಗೆದು ನೆಲಕ್ಕೆ ಹಾಕಬೇಕಾಯಿತು. ಎಲ್ಲರೂ ಥ್ರಿಪ್ಸ್ ಎಂದರೆ ಬೆಳೆ ತಿನ್ನುವ ಪೀಡೆ ಎಂದುಕೊಂಡಿದ್ದೇವೆ. ಆದರೆ ಒಟ್ಟು ಜಾತಿಗಳಲ್ಲಿ ದೊಡ್ಡ ಪಾಲು ಹಸಿರೆಲೆ ಮುಟ್ಟುವುದೇ ಇಲ್ಲ, ಒಣಕಡ್ಡಿ, ತರಗೆಲೆ, ತೊಗಟೆಗಳ ಮೇಲೆ ಬೆಳೆದ ಬೂಷ್ಟನ್ನು ಮೇಯುತ್ತವೆ. ಕೆಲವಂತೂ ಬೂಷ್ಟಿನ ಬೀಜಾಣುಗಳನ್ನು ಇಡಿಯಾಗಿ ನುಂಗುತ್ತವೆ. ಮುರಿದು ನೇತಾಡುತ್ತಿದ್ದ ಕೊಂಬೆಯ ಒಣಎಲೆಗಳನ್ನು ತಟ್ಟೆಗೆ ಬಡಿದಾಗ ಬಿದ್ದವು ನೋಡಿ, ಐದಾರು ಮಿಲಿಮೀಟರಿನ ಕಪ್ಪು ಥ್ರಿಪ್ಸ್! ಬೆಳಗಿನಿಂದ ಚುಕ್ಕೆಗಳಿಗೆ ಹೊಂದಿಕೊಂಡ ಕಣ್ಣಿಗೆ ಅವು ಆನೆಯಂತೆ ಕಂಡವು. ಉದ್ದ ತಲೆ, ಹಿಂಭಾಗದಲ್ಲಿ ಕೊಳವೆ, ಮುಂಗಾಲು ದಪ್ಪ. ಇವುಗಳ ಬಳಗವಾದ ಎಲಾಫ್ರೋಥ್ರಿಪ್ಸ್‌ನಲ್ಲಿ ಗಂಡುಗಳು ಹೆಣ್ಣಿನ ಮೊಟ್ಟೆರಾಶಿಯ ಪಕ್ಕದಲ್ಲಿ ಜಟ್ಟಿಗಳಂತೆ ಕುಸ್ತಿ ಹಿಡಿಯುತ್ತವೆ. ಅಮೆರಿಕದ ಒಣ ಓಕ್ ಎಲೆಗಳಲ್ಲಿ ಬಾಳುವ ಒಂದು ಜಾತಿಯ ತಾಯಿ ಒಮ್ಮೆ ಮೊಟ್ಟೆ ಇಡುತ್ತದೆ, ಇನ್ನೊಮ್ಮೆ ಮರಿಯನ್ನೇ ಹೆರುತ್ತದೆ. ಮೊಟ್ಟೆಯಿಂದ ಬಂದವೆಲ್ಲ ಹೆಣ್ಣು, ಹೆತ್ತವೆಲ್ಲ ಗಂಡು! ಇದನ್ನು ಕೇಳಿದ ಮೇಲೆ ಕಾಲಡಿಯ ತರಗೆಲೆ ಸದ್ದು ಮಾಡಿದಾಗಲೆಲ್ಲ ಹೆಜ್ಜೆ ಎತ್ತಿಡಲು ಸಂಕೋಚವಾಯಿತು.

ಈ ತರಗೆಲೆ ಲೋಕಕ್ಕೆ ಭಾರತದಲ್ಲಿ ಬಾಗಿಲು ತೆರೆದವರು ಟಿ.ಎನ್. ಅನಂತಕೃಷ್ಣನ್. ಚೆನ್ನೈನ ಲೊಯೊಲಾ ಕಾಲೇಜಿನಲ್ಲಿ ಕೀಟಶಾಸ್ತ್ರ ಸಂಶೋಧನಾ ಸಂಸ್ಥೆ ಕಟ್ಟಿದರು, ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾದರು, ದಶಕಗಳ ಕಾಲ ಗಂಟು, ಹೂವು, ಒಣ ತಾಳೆಗರಿ ಒಂದನ್ನೂ ಬಿಡದೆ ಹುಡುಕಿದರು. ಒಂದೇ ಜಾತಿಯಲ್ಲಿ ದೈತ್ಯ ಗಂಡು, ಕುಬ್ಜ ಗಂಡು ಎಂದು ಎರಡು ಮೂರು ರೂಪ ಇರುವುದನ್ನು ಅವರು ಬಿಡಿಸಿ ತೋರಿಸುವ ಮೊದಲು ಆ ರೂಪಗಳು ಎಷ್ಟೋ ಸಲ ಬೇರೆ ಬೇರೆ ಜಾತಿಗಳೆಂದೇ ಪುಸ್ತಕ ಸೇರಿದ್ದವು. ಇವತ್ತು ದೇಶದಲ್ಲಿ ಗುರುತಾಗಿರುವ ಥ್ರಿಪ್ಸ್ ಏಳುನೂರಕ್ಕೂ ಹೆಚ್ಚು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಸಂಗ್ರಹದಲ್ಲಿ ಇವುಗಳ ಗಾಜಿನ ಸ್ಲೈಡುಗಳು ಸಾಲುಗಟ್ಟಿ ಮಲಗಿವೆ.

ಸ್ಲೈಡಿಗೆ ಏರದೆ ಹೆಸರಿಲ್ಲ, ಇದೊಂದು ತಾಳ್ಮೆಯ ಪಾಠ. ಕಾಡಿನಲ್ಲಿ ನಾವು ಹಿಡಿದ ಯಾವುದಕ್ಕೂ ಅವತ್ತು ಖಚಿತ ಹೆಸರು ಇರಲಿಲ್ಲ. ಸೀಸೆಯಿಂದ ತೆಗೆದು, ಕ್ಷಾರದಲ್ಲಿ ನೆನೆಸಿ ಹೊಟ್ಟೆಯೊಳಗಿನದನ್ನು ಕರಗಿಸಿ, ಹಂತ ಹಂತವಾಗಿ ಗಾಢವಾದ ಆಲ್ಕೋಹಾಲಿನಲ್ಲಿ ನೀರು ಹೀರಿಸಿ, ಲವಂಗದ ಎಣ್ಣೆಯಲ್ಲಿ ತಿಳಿ ಮಾಡಿ, ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನ ಹನಿಯಲ್ಲಿ ಮಲಗಿಸಬೇಕು. ಮಲಗಿಸುವಾಗ ಕೂದಲಿನಂಥ ಸೂಜಿಯಿಂದ ಮೀಸೆ ನೇರ ಮಾಡಬೇಕು, ರೆಕ್ಕೆ ಬಿಡಿಸಬೇಕು, ಕಾಲು ಹರಡಬೇಕು, ಉಸಿರು ಬಿಗಿಹಿಡಿದು. ಆಮೇಲೆ ವಾರಗಟ್ಟಲೆ ಬೆಚ್ಚಗೆ ಒಣಗಬೇಕು. ಆಗ ಸೂಕ್ಷ್ಮದರ್ಶಕದಡಿ ಪ್ರಶ್ನೆಗಳು ಶುರು: ಮೀಸೆಯಲ್ಲಿ ಏಳು ಗೆಣ್ಣೋ ಎಂಟೋ? ಮೂರನೆಯ ಗೆಣ್ಣಿನ ವಾಸನೆಗೊಂಬು ಕವಲೊಡೆದಿದೆಯೋ ನೆಟ್ಟಗಿದೆಯೋ? ನೆತ್ತಿಯ ಮೂರು ಸರಳ ಕಣ್ಣುಗಳ ನಡುವಿನ ಕೂದಲು ಜೋಡಿ ಎಲ್ಲಿ ನಿಂತಿದೆ? ಹೊಟ್ಟೆಯ ಎಂಟನೇ ಉಂಗುರದ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳು ಪೂರ್ತಿಯೋ, ನಡುವೆ ಖಾಲಿಯೋ? ಒಂದು ಹಲ್ಲಿನ ಸಾಲು ಇಲ್ಲದಿದ್ದರೆ ಜಾತಿಯೇ ಬೇರೆ.

ಇಷ್ಟೆಲ್ಲ ಯಾಕೆ, ಕಾಡಿನ ಚುಕ್ಕೆಗೆ ಹೆಸರು ಮನೆ ಗೊತ್ತಾದರೆ ಯಾರಿಗೆ ಏನು ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಟೊಮೆಟೊ ತೋಟದ ಕತೆ ಹೇಳುತ್ತೇನೆ. ಶೇಂಗಾ, ಟೊಮೆಟೊ, ಕಲ್ಲಂಗಡಿಗಳ ಕುಡಿ ಸಾಯಿಸುವ ಒಂದು ವೈರಸ್ ಬಳಗ ಥ್ರಿಪ್ಸ್ ಬೆನ್ನೇರಿ ಊರೂರು ಸುತ್ತುತ್ತದೆ. ಆಶ್ಚರ್ಯ ಏನೆಂದರೆ, ರೆಕ್ಕೆ ಬಂದ ಮೇಲೆ ರೋಗದ ಗಿಡವನ್ನು ಎಷ್ಟು ಹೀರಿದರೂ ಥ್ರಿಪ್ಸ್ ಆ ವೈರಸ್ಸಿನ ವಾಹಕವಾಗುವುದಿಲ್ಲ. ಮರಿಯಾಗಿದ್ದಾಗ ರೋಗದ ಗಿಡದ ರಸ ಕುಡಿದಿರಬೇಕು. ಆಗ ಒಳಹೊಕ್ಕ ವೈರಸ್ ಅದರ ಮೈಯಲ್ಲೇ ಮರಿ ಹಾಕಿ, ರೆಕ್ಕೆ ಬಂದ ಮೇಲೆ ಬಾಳಿಡೀ ಹರಡುತ್ತದೆ! ಅಂದರೆ ದಾರಿಹೋಕನಿಗೂ ಮನೆಮಗುವಿಗೂ ಇರುವ ವ್ಯತ್ಯಾಸವನ್ನು ವೈರಸ್ ನಮಗಿಂತ ಮೊದಲೇ ಕಲಿತಿದೆ. ಬದುವಿನ ಕಳೆಗಿಡದಲ್ಲಿ ಥ್ರಿಪ್ಸ್ ಇದೆ ಎಂಬ ಪಟ್ಟಿಯಿಂದ ರೈತನಿಗೆ ಏನೂ ಸಿಗದು. ಆ ಕಳೆಯಲ್ಲಿ ಮರಿ ಬೆಳೆಯುತ್ತಿದೆಯೇ ಎಂಬ ಒಂದು ಸಾಲಿನಿಂದ ತೋಟ ಉಳಿದೀತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳಿಂದ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರನಾಡಿನ ಜಾತಿ ಭಾರತದಲ್ಲಿ ಮೊದಲ ಬಾರಿಗೆ ವರದಿಯಾಯಿತು. ಆಗ ಅದು ತಜ್ಞರ ಪ್ರಬಂಧವೊಂದರ ವಿಷಯ, ಅಷ್ಟೇ. 2021ರಲ್ಲಿ ಆಂಧ್ರ, ತೆಲಂಗಾಣ, ನಮ್ಮ ಬಳ್ಳಾರಿ ರಾಯಚೂರು ಕಡೆಯ ಮೆಣಸಿನ ಹೊಲಗಳಿಗೆ ಅದೇ ಹುಳು ‘ಕಪ್ಪು ಥ್ರಿಪ್ಸ್’ ಎಂಬ ಹೆಸರಿನಲ್ಲಿ ನುಗ್ಗಿತು. ಹೂವಿನೊಳಗೇ ಕೂತು ಹೂವನ್ನೇ ಉದುರಿಸಿತು. ಆರು ವರ್ಷದ ನಡುವೆ ಅದು ಯಾವ ಗಿಡಗಳಲ್ಲಿ ಮರಿ ಮಾಡುತ್ತ ಹಬ್ಬಿತು? ಯಾರ ಜಾಗ ಕಿತ್ತುಕೊಂಡಿತು? ಹೊಸಬ ಬರುವ ಮೊದಲು ಯಾರು ಎಲ್ಲಿದ್ದರು ಎಂಬ ದಾಖಲೆ ಇದ್ದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಔಷಧಿ ಸಿಂಪಡಣೆ ಸೋಕದ, ಗಿಡಗಳು ತಾವಾಗಿ ನಿಂತಿರುವ ಕಾಡಿನಲ್ಲೇ ಅಂಥ ದಾಖಲೆ ಶುರುವಾಗಬೇಕು. ಇಲ್ಲೂ ತಡವಾಗುತ್ತಿದೆ. ಬೆಟ್ಟದ ಎಷ್ಟೋ ಕಡೆ ಲಂಟಾನ ಕಳೆ ತಲೆಯೆತ್ತರ ಬೆಳೆದು ನಿಂತಿದೆ. ಅದನ್ನು ತಟ್ಟಿದಾಗಲೂ ಧೂಳು ನಡೆಯಿತು. ಅದರಡಿ ಉಸಿರುಗಟ್ಟಿದ ಗಿಡಗಳ ಮೇಲೆ ಯಾರ ಸಂಸಾರ ಇತ್ತೋ ಅದನ್ನು ತಟ್ಟೆ ಹೇಳಲಾರದು.

ಸಂಜೆಗೆ ಮುಂಚೆ ದೊಡ್ಡಸಂಪಿಗೆ ತಲುಪಿದೆವು. ಹೊಳೆಯ ಪಕ್ಕ, ನೂರಾರು ವರ್ಷದ ಮೈಯನ್ನು ಗಂಟುಗಂಟಾಗಿ ಹರಡಿ ನಿಂತ ಮರ, ಸೋಲಿಗರ ದೈವ. ಚಪ್ಪಲಿ ದೂರದಲ್ಲೇ ಬಿಟ್ಟೆವು. ಬುಡದ ಸುತ್ತ ಪೂಜೆಯ ಕಲ್ಲುಗಳು, ಕುಂಕುಮ. ಗೆಳತಿ ಕೋಲನ್ನು ಚೀಲದೊಳಗೆ ಸೇರಿಸಿದಳು. ಈ ಮರವನ್ನು ಬಡಿಯುವ ಮಾತೇ ಇಲ್ಲ. ತಾನಾಗಿ ಬಿದ್ದ ಹೂ ಇದ್ದರೆ ನೋಡಬಹುದೇ ಎಂದು ತಾತನನ್ನು ಕೇಳಿದಳು.

"ಬಿದ್ದದ್ದು ಪ್ರಸಾದ ಕನವ್ವ. ತಕ್ಕೊ."

ಬೇರಿನ ಸಂದಿಯಲ್ಲಿ ಒಂದು ಹೂ ಇತ್ತು, ಹೊಂಬಣ್ಣ ಇನ್ನೂ ಮಾಸಿರಲಿಲ್ಲ. ತಟ್ಟೆಯ ನಡುವೆ ಇಟ್ಟು ಮೂವರೂ ಬಗ್ಗಿದೆವು. ಸಂಪಿಗೆಯ ಕುಲ ಭೂಮಿಯ ಬಹಳ ಹಳೆಯ ಹೂಗಳದ್ದು. ಥ್ರಿಪ್ಸ್ ಹೂಗಳಿಗಿಂತಲೂ ಹಳಬರು. ಸ್ಪೇನಿನ ಆಲಾವಾದಲ್ಲಿ ಸಿಕ್ಕ ಹತ್ತೂವರೆ ಕೋಟಿ ವರ್ಷಕ್ಕೂ ಹಳೆಯ ಮರದಂಟಿನ ಹರಳುಗಳೊಳಗೆ ಹೆಣ್ಣು ಥ್ರಿಪ್ಸ್‌ಗಳಿವೆ, ಮೈತುಂಬ ಪರಾಗ ಮೆತ್ತಿಕೊಂಡು. ಹೂಬಿಡದ ಸೈಕಸ್ ಅಥವಾ ಗಿಂಕ್ಗೋ ಬಳಗದ ಮರಗಳ ಪರಾಗ ಅದು. ಪರಾಗ ಹಿಡಿದಿಡಲೆಂದೇ ಅವುಗಳ ಕೂದಲಿಗೆ ಉಂಗುರ ಉಂಗುರದ ಕಟ್ಟು. 2012ರಲ್ಲಿ ಅದನ್ನು ವಿವರಿಸಿದ ವಿಜ್ಞಾನಿಗಳ ಊಹೆ ಏನು ಗೊತ್ತೆ? ಆ ತಾಯಂದಿರು ಪರಾಗವನ್ನು ಒಯ್ಯುತ್ತಿದ್ದದ್ದು ಬಹುಶಃ ಮರಿಗಳಿಗೆ! ಡೈನೋಸಾರುಗಳ ಕಾಲದಲ್ಲೂ ಎಲ್ಲೋ ಒಂದು ಗಿಡದಲ್ಲಿ ಮರಿಗಳು ಕಾಯುತ್ತಿದ್ದವು.

ದಳದ ಬುಡದಿಂದ ಒಂದು ಕಂದು ಗೆರೆ ಹೊರಬಂತು. ದಳದ ಅಂಚಿನಲ್ಲಿ ನಡೆಯಿತು, ತುದಿಯಲ್ಲಿ ನಿಂತಿತು. ಗೆಳತಿ ಕುಂಚ ಎತ್ತಲಿಲ್ಲ. ಅದು ಮೈ ಬಗ್ಗಿಸಿ, ಹಿಂಭಾಗದಿಂದ ರೆಕ್ಕೆಯ ಕುಚ್ಚನ್ನು ಒಮ್ಮೆ ಬಾಚಿಕೊಂಡಿತು. ಕೈಲೆನ್ಸಿನ ಬೆಳಕಿನಲ್ಲಿ ಪ್ರತಿ ಕೂದಲೂ ಕಂಡಿತು. ಮರುಗಳಿಗೆಗೆ ದಳ ಖಾಲಿ.

ಒಂದೊಂದೇ ದಳ ಬಿಡಿಸಿ ನೋಡಿದೆವು. ಮರಿ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ‘ದೊಡ್ಡಸಂಪಿಗೆ, ಬಿದ್ದ ಹೂ, ರೆಕ್ಕೆಯದು ಒಂದು’ ಎಂದು ಬರೆದು, ಮುಂದಿನ ಅಂಕಣವನ್ನು ಗೆಳತಿ ಖಾಲಿ ಬಿಟ್ಟಳು. ಬೆಳಕು ಇನ್ನೂ ಅರ್ಧ ಗಂಟೆಯಷ್ಟಿತ್ತು. ಕಾವಲುಗಾರರು ಹೊರಡೋಣವೇ ಎನ್ನುವಂತೆ ನೋಡಿದರು. ತಾತ ಕಲ್ಲಿನ ಪಕ್ಕ ಕಂಬಳಿ ಹಾಸಿ ಕೂತೇಬಿಟ್ಟರು.

"ವಸಿ ತಡಿರವ್ವ. ಇನ್ನೊಂದು ಬೀಳ್ಲಿ."

ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ನಾವೂ ಕೂತೆವು.